ರಬ್ಬರ್ ಕೋಳಿಯೂ ಮುಚ್ಚಿದ ಮೂವತ್ತು ಬಾಗಿಲೂ

ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕಿನ ಬಲಗಡೆ ಗೋಡೆ ದಾಟಿದರೆ ರಸ್ತೆಯಲ್ಲ, ಕೊಲ್ಲಿಯ ನೀರು. ಫ್ರೀಮಾಂಟ್‌ನಲ್ಲಿರುವ ಭಾವಮೈದುನ ಆ ಬೇಸ್‌ಬಾಲ್ ಕ್ರೀಡಾಂಗಣ ತೋರಿಸಲೆಂದು ಕರೆದೊಯ್ದಿದ್ದ. ಜೈಂಟ್ಸ್ ತಂಡದವರು ಬಾರಿಸಿದ ಎಷ್ಟು ಹೋಮ್ ರನ್‌ಗಳು ನೇರ ನೀರಿಗೆ ಬಿದ್ದಿವೆ ಎಂಬ ಲೆಕ್ಕ ಆ ಗೋಡೆಯ ಮೇಲೆಯೇ ಇದೆ. ಅವುಗಳಲ್ಲಿ 35 ಬ್ಯಾರಿ ಬಾಂಡ್ಸ್ ಒಬ್ಬರವೇ.

ಆದರೆ ಊರಿಗೆ ಬಂದ ಮೇಲೂ ನನ್ನ ತಲೆಯಿಂದ ಇಳಿಯದ್ದು ಕೋಳಿ. ಬಾಂಡ್ಸ್ ಬ್ಯಾಟು ಹಿಡಿದು ನಿಂತರೆ ಎದುರಾಳಿಗಳು ಬೇಕೆಂದೇ ಚೆಂಡನ್ನು ದೂರ ಎಸೆದು, ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಕಳುಹಿಸಿಬಿಡುತ್ತಿದ್ದರು. ಇಂಗ್ಲಿಷಿನಲ್ಲಿ ‘ಚಿಕನ್’ ಎಂದರೆ ಪುಕ್ಕಲನೂ ಹೌದು; ಹಾಗೆ ಹೆದರಿದವರನ್ನು ಹಂಗಿಸಲು ಅಭಿಮಾನಿಗಳು ಗ್ಯಾಲರಿಯ ಕಂಬಿಗೆ ರಬ್ಬರ್ ಕೋಳಿಗಳನ್ನು ನೇತುಹಾಕುತ್ತಿದ್ದರಂತೆ. 2004ರ ಒಂದೇ ಋತುವಿನಲ್ಲಿ ಅವರನ್ನು ಹೀಗೆ ಸಾಗಹಾಕಿದ್ದು 120 ಸಲ! ಇಡೀ ವೃತ್ತಿಜೀವನದಲ್ಲಿ 688 ಸಲ.

ಇದಕ್ಕೆಲ್ಲ ಕಳಶವಿಟ್ಟದ್ದು 1998ರ ಮೇ 28ರ ಆಟ. ಎದುರಾಳಿ ಅರಿಜೋನಾ 8-6ರಿಂದ ಮುಂದಿತ್ತು. ಕೊನೆಯ ಇನಿಂಗ್ಸ್, ಎರಡು ಔಟ್, ಮೂರೂ ಬೇಸ್ ಭರ್ತಿ. ಆಗ ಬಾಂಡ್ಸ್‌ಗೆ ಪುಕ್ಕಟೆ ಬೇಸ್ ಕೊಟ್ಟರೆ ಒಂದು ರನ್ ದಾನ ಮಾಡಿದಂತೆಯೇ. ಅರಿಜೋನಾದ ಮ್ಯಾನೇಜರ್ ಬಕ್ ಶೋವಾಲ್ಟರ್ ಕೊಟ್ಟೇಬಿಟ್ಟರು. ಮುಂದಿನ ಬ್ಯಾಟರ್ ಬ್ರೆಂಟ್ ಮೇನ್ ಹೊಡೆದದ್ದು ಕ್ಯಾಚ್ ಆಯಿತು. ಅರಿಜೋನಾ 8-7ರಲ್ಲಿ ಗೆದ್ದಿತು. ಕೊನೆಯ ಓವರಿನಲ್ಲಿ ಧೋನಿಯ ಬ್ಯಾಟನ್ನು ತಪ್ಪಿಸಲು ಎದುರಾಳಿ ನಾಯಕ ತಾನಾಗಿಯೇ ರನ್ ಬಿಟ್ಟುಕೊಟ್ಟ ಹಾಗಿದು. ಬ್ಯಾಟರ್‌ಗೆ ಇದಕ್ಕಿಂತ ದೊಡ್ಡ ಸನ್ಮಾನ ನನಗಂತೂ ಗೊತ್ತಿಲ್ಲ.

ಮುಂದಿನ ಕಥೆ ಇಷ್ಟು. 2007ರ ಆಗಸ್ಟ್ 7ರಂದು 756ನೇ ಹೋಮ್ ರನ್. ಅತಿ ಹೆಚ್ಚು ಹೋಮ್ ರನ್‌ಗಳ ಹ್ಯಾಂಕ್ ಆರನ್ ದಾಖಲೆ ಹಿಂದೆ ಬಿತ್ತು. ಸೆಪ್ಟೆಂಬರಿನಲ್ಲಿ ಜೈಂಟ್ಸ್ ಕೈಬಿಟ್ಟಿತು. ಉದ್ದೀಪನ ಮದ್ದಿನ ಬಗ್ಗೆ ಗ್ರ್ಯಾಂಡ್ ಜ್ಯೂರಿ ಮುಂದೆ ಸುಳ್ಳು ಹೇಳಿದರೆಂದು ನವೆಂಬರಿನಲ್ಲಿ ದೋಷಾರೋಪ. 2008ರಲ್ಲಿ ಅವರ ಏಜೆಂಟ್, ಲೀಗಿನ ಕನಿಷ್ಠ ಸಂಬಳ 3,90,000 ಡಾಲರ್ ಕೊಟ್ಟರೂ ಸಾಕು ಎಂದರು. ಹಿಂದಿನ ವರ್ಷದ ಸಂಬಳ 1.58 ಕೋಟಿ ಡಾಲರ್! ಆದರೂ ಮೂವತ್ತು ತಂಡಗಳಲ್ಲಿ ಒಂದೂ ಬಾಗಿಲು ತೆರೆಯಲಿಲ್ಲ.

ಬೇಡ ಎನ್ನಲು ಕಾರಣಗಳಿದ್ದವು. ವಯಸ್ಸು 43, ಮಂಡಿ ಸವೆದಿತ್ತು, ಡ್ರೆಸಿಂಗ್ ರೂಮಿನಲ್ಲಿ ಸ್ವಂತ ಆರಾಮಕುರ್ಚಿ ಹಾಕಿಕೊಂಡವರೆಂಬ ಖ್ಯಾತಿ ಬೇರೆ. ಮದ್ದಿನ ವಿಷಯದಲ್ಲಿ ಬಾಂಡ್ಸ್ ಪರಿಶುದ್ಧರೆಂದು ನಾನೂ ನಂಬುವುದಿಲ್ಲ. ಆದರೆ ನೈತಿಕತೆಯ ಮಾತು ಎತ್ತಿದವರು ಪಿಚರ್ ಆಂಡಿ ಪೆಟಿಟ್‌ರನ್ನು ನೋಡಬೇಕಿತ್ತು. ಬೆಳವಣಿಗೆಯ ಹಾರ್ಮೋನ್ ಬಳಸಿದ್ದನ್ನು ಅವರೇ ಒಪ್ಪಿಕೊಂಡಿದ್ದರು. 2008ರಲ್ಲಿ ಯಾಂಕೀಸ್ ಪರವಾಗಿ ಆರಾಮಾಗಿ ಆಡಿದರು. ಒಬ್ಬರಿಗೆ ಕ್ಷಮೆ, ಇನ್ನೊಬ್ಬರಿಗೆ ಬಹಿಷ್ಕಾರ ಎಂದಾದರೆ ಅಲ್ಲಿ ಕೆಲಸ ಮಾಡಿದ್ದು ನೀತಿಯಲ್ಲ, ಮುಖದಾಕ್ಷಿಣ್ಯ.

ಆಟದ ಲೆಕ್ಕವಂತೂ ಸ್ಪಷ್ಟ. 2007ರಲ್ಲಿ ಅವರು ನೂರು ಸಲ ಬ್ಯಾಟಿಗೆ ನಿಂತರೆ ಸುಮಾರು 48 ಸಲ ಬೇಸ್ ತಲುಪುತ್ತಿದ್ದರು. ನ್ಯಾಷನಲ್ ಲೀಗಿನಲ್ಲಿ ಅದೇ ಅತಿ ಹೆಚ್ಚು. 28 ಹೋಮ್ ರನ್ ಬೇರೆ. ಫೀಲ್ಡಿಂಗ್ ಮಾಡದೆ ಬ್ಯಾಟಿಂಗ್ ಮಾತ್ರ ಮಾಡುವ ಅವಕಾಶ ಅಮೆರಿಕನ್ ಲೀಗಿನ ಹದಿನಾಲ್ಕು ತಂಡಗಳಲ್ಲೂ ಇತ್ತು.

ತಂಡಗಳು ಸಂಚು ಮಾಡಿವೆ ಎಂಬ ಬಾಂಡ್ಸ್ ದೂರನ್ನು 2015ರಲ್ಲಿ ಮಧ್ಯಸ್ಥಗಾರರು ತಳ್ಳಿಹಾಕಿದರು. ಅದೇ ವರ್ಷ, ಆ ಗ್ರ್ಯಾಂಡ್ ಜ್ಯೂರಿ ಪ್ರಕರಣದಲ್ಲಿ ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪಕ್ಕೆ ಅವರಿಗಾಗಿದ್ದ ಶಿಕ್ಷೆಯನ್ನು ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಸಂಚೇ ಇಲ್ಲದಿದ್ದರೆ, ಮೂವತ್ತು ತಂಡಗಳೂ ತಾವು ತಾವೇ ಒಂದೇ ತಪ್ಪು ಮಾಡಿದವು ಎಂದಾಯಿತು. ಆ ಸಂಬಳಕ್ಕೆ ಆ ಬ್ಯಾಟು ಬೇಡವೆಂದದ್ದು ಶುದ್ಧ ದಡ್ಡತನ.