ಹಾರಾಟ ಮೂರು ಗಂಟೆ, ಹಾದಿ ಹನ್ನೆರಡು ಗಂಟೆ

ದೆಹಲಿಯಿಂದ ಇಂಟರ್‌ವ್ಯೂಗೆ ಕರೆ ಬಂದರೆ ನಾವು ಮೊದಲು ಮಾಡುವ ಕೆಲಸ ಮೊಬೈಲ್‌ನಲ್ಲಿ ವಿಮಾನದ ಸಮಯ ನೋಡುವುದು. ಬೆಂಗಳೂರು–ದೆಹಲಿ ನಡುವೆ ಸುಮಾರು 1,700 ಕಿ.ಮೀ., ಹೆಚ್ಚುಕಡಿಮೆ 2 ಗಂಟೆ 45 ನಿಮಿಷ. ಅರೆ, ಚಿತ್ರದುರ್ಗದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವುದಕ್ಕಿಂತ ಬೇಗ! ಆದರೆ ಈ ಲೆಕ್ಕ ಶುರುವಾಗುವುದು ದೇವನಹಳ್ಳಿಯಿಂದ. ನಮ್ಮ ಪ್ರಯಾಣ ಶುರುವಾಗುವುದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಸ್‌ ಸ್ಟ್ಯಾಂಡಿನಿಂದ.

ಮೊದಲು ವಿಮಾನದ ಲೆಕ್ಕವನ್ನೇ ನೋಡೋಣ. ಗಂಟೆಗೆ ಸುಮಾರು 850 ಕಿ.ಮೀ. ವೇಗದಲ್ಲಿ ಹಾರುವ ಜೆಟ್‌ಗೆ 1,700 ಕಿ.ಮೀ.ಗೆ ಎರಡೇ ಗಂಟೆ ಸಾಕಲ್ಲವೇ? ಸಾಲದು. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಸಮಯದ ಎಣಿಕೆ ಶುರು. ರನ್‌ವೇಗೆ ಸಾಗುವುದು, ಸರದಿ ಕಾಯುವುದು, ಮೇಲೇರುವುದು, ಕೆಳಗಿಳಿಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ದೂರ ಹೆಚ್ಚಿದಷ್ಟೂ ಇವುಗಳ ಪಾಲು ಕಡಿಮೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿಸಿ ನೇರವಾಗಿ ಬೆಂಗಳೂರಿಗೆ ತಂದಿತು. ಈ ಎರಡು ನಗರಗಳ ನೇರ ದೂರ ಸುಮಾರು 14,000 ಕಿ.ಮೀ., ಹಿಡಿದ ಸಮಯ ಸುಮಾರು 17 ಗಂಟೆ. ದೆಹಲಿಗಿಂತ ಎಂಟು ಪಟ್ಟು ದೂರ, ಸಮಯ ಮಾತ್ರ ಆರು ಪಟ್ಟು!

ಈಗ ನಮ್ಮ ಲೆಕ್ಕ. ಚಿತ್ರದುರ್ಗದಿಂದ ಮೆಜೆಸ್ಟಿಕ್‌ಗೆ 200 ಕಿ.ಮೀ., ನಾಲ್ಕೂವರೆ ಗಂಟೆ ಎನ್ನಿ. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ. ಚೆಕ್-ಇನ್, ತಪಾಸಣೆಗೆಂದು ಎರಡು ಗಂಟೆ ಮೊದಲೇ ಇರಬೇಕು. ಹಾರಾಟ ಎರಡೂಮುಕ್ಕಾಲು. ದೆಹಲಿಯಲ್ಲಿ ಇಳಿದು, ಬ್ಯಾಗ್ ಪಡೆದು, ಮೆಟ್ರೊ ಹಿಡಿದು ಊರೊಳಗೆ ಹೋಗಲು ಒಂದೂಕಾಲು. ಕೂಡಿದರೆ 12 ಗಂಟೆ! ಆಕಾಶದ ಪಾಲು ಕಾಲು ಭಾಗವೂ ಇಲ್ಲ. ಹಳ್ಳಿಯಿಂದ ಹೊರಡುವವರು ಇನ್ನೂ ಒಂದೆರಡು ಗಂಟೆ ಸೇರಿಸಿಕೊಳ್ಳಿ.

ರೈಲು ಹಿಡಿಯೋಣವೆಂದರೆ ಹೊಳಲ್ಕೆರೆ, ಹೊಸದುರ್ಗ ರೋಡ್ ನಿಲ್ದಾಣಗಳು ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿವೆ. ಚಿತ್ರದುರ್ಗದ ರೈಲು ಚಿಕ್ಕಜಾಜೂರು ಸುತ್ತಿಕೊಂಡು ಹೋಗಬೇಕು. ಹಿರಿಯೂರು, ಚಿತ್ರದುರ್ಗದ ಮೂಲಕ ಹಾದುಹೋಗುವ ತುಮಕೂರು–ದಾವಣಗೆರೆ ನೇರ ಮಾರ್ಗ ಮುಗಿದರೆ ನಮಗೆ ದೆಹಲಿಯೂ ಹತ್ತಿರವಾಗುತ್ತದೆ. ವಿಮಾನದ ವೇಗ ಹೆಚ್ಚಬೇಕಿಲ್ಲ, ನೆಲದ ಮೇಲಿನ ದಾರಿ ಚುರುಕಾದರೆ ಸಾಕು.

ಅಲ್ಲಿಯವರೆಗೆ ಟಿಕೆಟ್ ಬುಕ್ ಮಾಡುವ ಮುನ್ನ ಹಿಂದಿನಿಂದ ಲೆಕ್ಕ ಹಾಕಿ. ಬೆಳಿಗ್ಗೆ 6ರ ವಿಮಾನ ಅಗ್ಗವೆನಿಸಬಹುದು. ಅದಕ್ಕೆ ಹಿಂದಿನ ರಾತ್ರಿ 10ರೊಳಗೇ ಬಸ್ಸು ಹತ್ತಬೇಕು. ಸಿರಾ ಬಳಿ ಅದು ಕೆಟ್ಟು ನಿಂತರೆ ಟಿಕೆಟ್ಟಿನ ಹಣವೂ ಇಲ್ಲ, ಕೆಲಸವೂ ಇಲ್ಲ. ಸಂಜೆ ವಿಮಾನ ಹಿಡಿದು ಹಿಂದಿನ ದಿನವೇ ತಲುಪಿ, ರಾತ್ರಿ ನಿದ್ದೆ ಮಾಡಿ ಇಂಟರ್‌ವ್ಯೂಗೆ ಹೋಗುವುದು ಜಾಣತನ. ರಾತ್ರಿಯಿಡೀ ಎಚ್ಚರವಿದ್ದ ತಲೆಗೆ ಗೊತ್ತಿರುವ ಉತ್ತರವೂ ಹೊಳೆಯುವುದಿಲ್ಲ.