ದೂರದ ಮನೆಗೂ ಒಂದು ಮುಯ್ಯಿ

(ಸಂತ ವಿನ್ಸೆಂಟ್ ಡಿ ಪೌಲ್‌ರ ಹಬ್ಬ – ಸೆಪ್ಟೆಂಬರ್ 27)



ಸೆಪ್ಟೆಂಬರ್ 27ರಂದು ಧರ್ಮಸಭೆಯು ಸಂತ ವಿನ್ಸೆಂಟ್ ಡಿ ಪೌಲ್‌ರ ಹಬ್ಬವನ್ನು ಆಚರಿಸುತ್ತದೆ. 1660ರಲ್ಲಿ ಇದೇ ದಿನ ಅವರು ಪ್ಯಾರಿಸ್ ನಗರದಲ್ಲಿ ದೈವಾಧೀನರಾದರು. ಅವರ ಹೆಸರನ್ನು ಹೊತ್ತ ಶ್ರೀಸಾಮಾನ್ಯರ ಸೇವಾಸಂಘವೊಂದು ಇಂದು ಸುಮಾರು 150 ದೇಶಗಳಲ್ಲಿ ಬಡವರ ಮನೆಬಾಗಿಲು ತಟ್ಟುತ್ತಿದೆ. ಒಂದು ದೇಶದ ಭಕ್ತವಿಶ್ವಾಸಿಗಳು ಇನ್ನೊಂದು ದೇಶದ ಬಡ ಕುಟುಂಬಕ್ಕೆ ಸೂರು ಕಟ್ಟಿಕೊಳ್ಳಲು, ಮಕ್ಕಳನ್ನು ಓದಿಸಲು ನೆರವಾಗುವುದು ಅವರ ಸೇವೆಯ ಒಂದು ಮುಖ್ಯ ಭಾಗ. ಈ ಹಬ್ಬದಂದು ಅದರ ಅರ್ಥವನ್ನು ಧ್ಯಾನಿಸೋಣ.

ಪರದೇಶದವರಿಗಾಗಿ ಕಾಣಿಕೆ ಎತ್ತುವಾಗ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ‘ನಮ್ಮಲ್ಲೇ ಬಡವರಿಲ್ಲವೇ? ದೂರದವರ ಚಿಂತೆ ನಮಗೇಕೆ?’ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಭಾಗದ ನಮಗಂತೂ ಈ ಪ್ರಶ್ನೆ ಇನ್ನೂ ಗಟ್ಟಿಯಾಗಿ ಕೇಳುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಉಕ್ಕಿ ಬಂದಾಗ ಜುಗೂಳ, ಮಂಗಾವತಿ, ಕುಸನಾಳ, ಮೊಳವಾಡದಂತಹ ಊರುಗಳು ಕಂಡ ಸಂಕಟವನ್ನು ನಾವು ಮರೆತಿಲ್ಲ. ಮಣ್ಣಿನ ಗೋಡೆಗಳು ನೆನೆದು ಕುಸಿದವು. ಕಾಳುಕಡಿ, ದನಕರು, ಮಕ್ಕಳ ಪಾಟಿಚೀಲ ಎಲ್ಲವನ್ನೂ ನೀರು ಮುಟ್ಟಿತು. 2021ರ ಜುಲೈನಲ್ಲಿ ಹೊಳೆ ಮತ್ತೆ ಮನೆಬಾಗಿಲಿಗೆ ಬಂತು. ಹೀಗಿರುವಾಗ ಪರರ ಮನೆಗೆ ನಾವೇಕೆ ಕೊಡಬೇಕು?

ಈ ಪ್ರಶ್ನೆಗೆ ಉತ್ತರ ಪವಿತ್ರ ಗ್ರಂಥದಲ್ಲಿಯೇ ಇದೆ. ಕ್ಲಾವ್ದಿಯ ಚಕ್ರವರ್ತಿಯ ಕಾಲದಲ್ಲಿ ಬರಗಾಲ ಬಿದ್ದಾಗ ಅಂತಿಯೋಕ್ಯದ ವಿಶ್ವಾಸಿಗಳು ತಮ್ಮ ಶಕ್ತ್ಯನುಸಾರ ಹಣ ಕೂಡಿಸಿ ಜುದೇಯದ ಸಹೋದರರಿಗೆ ಕಳುಹಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಮುಂದೆ ಸಂತ ಪೌಲರು ಗಲಾತ್ಯ, ಮಕೆದೋನಿಯ, ಅಖಾಯ ಪ್ರಾಂತಗಳಲ್ಲಿ ಜೆರುಸಲೇಮಿನ ಬಡವರಿಗಾಗಿ ಕಾಣಿಕೆ ಕೂಡಿಸಿದರು. ಇಲ್ಲಿ ನಾವು ಗಮನಿಸಬೇಕಾದುದು ಒಂದಿದೆ. ಮಕೆದೋನಿಯದವರು ಶ್ರೀಮಂತರಲ್ಲ. ಅವರು ಕಡುಬಡತನದಲ್ಲಿದ್ದರೂ ತಾವಾಗಿಯೇ ಮುಂದೆ ಬಂದು, ಈ ಸೇವೆಯಲ್ಲಿ ತಮಗೂ ಪಾಲು ಕೊಡಿರೆಂದು ಪೌಲರನ್ನು ಬೇಡಿಕೊಂಡರು. ಹೊರನಾಡಿನ ಬಡವರಿಗೆ ನೆರವಾಗುವ ಕೆಲಸವು ಧರ್ಮಸಭೆಯಲ್ಲಿ ಉಳ್ಳವರಿಂದ ಮಾತ್ರ ಬೆಳೆದುದಲ್ಲ, ಬಡವರ ಕೈಯಿಂದಲೂ ಬೆಳೆಯಿತು.

ರೋಮನರಿಗೆ ಬರೆಯುವಾಗ ಪೌಲರು ಇನ್ನೂ ಒಂದು ಮಾತು ಸೇರಿಸುತ್ತಾರೆ. ಜೆರುಸಲೇಮಿನವರಿಂದ ವಿಶ್ವಾಸದ ವರವನ್ನು ಪಡೆದವರು ಅವರಿಗೆ ಐಹಿಕ ನೆರವು ನೀಡಲು ಋಣಿಗಳಾಗಿದ್ದಾರೆ ಎಂಬುದು ಅದರ ಸಾರ. ನಮ್ಮ ಕಡೆಯ ಭಾಷೆಯಲ್ಲಿ ಇದಕ್ಕೆ ಮುಯ್ಯಿ ಎನ್ನುತ್ತೇವೆ. ನಮ್ಮ ಮದುವೆಗೆ ಅವರು ಮುಯ್ಯಿ ಮಾಡಿದ್ದರೆ ಅವರ ಮದುವೆಗೆ ನಾವು ಮಾಡುತ್ತೇವೆ. ನಮ್ಮ ಹೊಲಕ್ಕೆ ಅವರು ಮುಯ್ಯಾಳಾಗಿ ಬಂದಿದ್ದರೆ ಅವರ ಹೊಲಕ್ಕೆ ನಾವು ಹೋಗುತ್ತೇವೆ. ಮುಯ್ಯಿ ಭಿಕ್ಷೆಯಲ್ಲ, ಕೊಟ್ಟವರು ದೊಡ್ಡವರೂ ಅಲ್ಲ, ಪಡೆದವರು ಸಣ್ಣವರೂ ಅಲ್ಲ.

ನಮ್ಮ ಮೇಲೂ ಇಂತಹ ಋಣವಿದೆ. ಕಾಗವಾಡದಿಂದ ಮಿರಜ ದೂರವಿಲ್ಲ. ಅಲ್ಲಿ 1894ರಲ್ಲಿ ಡಾಕ್ಟರ್ ವಿಲಿಯಂ ವಾನ್‌ಲೆಸ್ ಅವರು ಆಸ್ಪತ್ರೆಯನ್ನು ತೆರೆದರು. ಅವರು ನಮ್ಮ ಕಥೋಲಿಕ ಸಭೆಯವರಲ್ಲ. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿಗೆ ಸೇರಿದವರು. ಕೃಷ್ಣೆಯನ್ನು ಎಂದೂ ಕಾಣದ ಜನರ ಕಾಣಿಕೆ ಆ ಮಿಷನ್ನಿನ ಬೆನ್ನಿಗಿತ್ತು. ಅದರಿಂದ ಗಡಿಯ ಈಚೆಯ ರೋಗಿಗಳಿಗೂ ಆಸರೆ ದೊರೆಯಿತು. ಆ ದಾನಿಗಳು ಈಗಿಲ್ಲ; ಅವರಿಗೆ ಮುಯ್ಯಿ ತೀರಿಸಲು ನಮಗೆ ದಾರಿಯಿಲ್ಲ. ಕೊಟ್ಟವರಿಗೆ ತೀರಿಸಲಾಗದ ಮುಯ್ಯಿಯನ್ನು ನಾವು ಮುಂದಿನವರಿಗೆ ತೀರಿಸಬೇಕು. ಕ್ರೈಸ್ತ ದಾನಧರ್ಮದ ರೀತಿ ಇದು.

ಈಗ ವಿನ್ಸೆಂಟ್ ಡಿ ಪೌಲ್ ಸಭೆಯ ಕಥೆಗೆ ಬರೋಣ. ಅದನ್ನು ಸ್ಥಾಪಿಸಿದವರು ಸಂತ ವಿನ್ಸೆಂಟರಲ್ಲ. ಅವರು ತೀರಿಹೋಗಿ ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಹುಟ್ಟಿದ ಸಂಘವದು. ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಫ್ರೆಡ್ರಿಕ್ ಓಝಾನಮ್ ಮತ್ತು ಅವರ ಗೆಳೆಯರು ಧರ್ಮಸಭೆಯ ಪರವಾಗಿ ಚರ್ಚೆಗಳಲ್ಲಿ ವಾದಿಸುತ್ತಿದ್ದರು. ನಿಮ್ಮ ಸಭೆ ಹಿಂದೆ ಒಳ್ಳೆಯದು ಮಾಡಿರಬಹುದು, ಇಂದು ಬಡವರಿಗಾಗಿ ಏನು ಮಾಡುತ್ತಿದೆ ಎಂದು ಎದುರಾಳಿಗಳು ಕೇಳಿದರು. ಆ ಪ್ರಶ್ನೆ ಅವರನ್ನು ಚುಚ್ಚಿತು. 1833ರ ಏಪ್ರಿಲ್ 23ರಂದು, ಓಝಾನಮ್‌ರಿಗೆ ಇಪ್ಪತ್ತು ವರ್ಷ ತುಂಬಿದ ದಿನವೇ, ಅವರ ಮೊದಲ ಕೂಟ ಸೇರಿತು. ಇಮ್ಯಾನುಯೆಲ್ ಬೈಲಿ ಎಂಬ ಹಿರಿಯರು ಅವರಿಗೆ ಬೆಂಬಲವಾದರು. ಬಡವರ ಓಣಿಗಳನ್ನು ಚೆನ್ನಾಗಿ ಬಲ್ಲ ಸಿಸ್ಟರ್ ರೋಸಲಿ ರೆಂದು ಅವರನ್ನು ಮನೆಮನೆಗೆ ಕಳುಹಿಸಿ, ಬಡವರೊಂದಿಗೆ ಹೇಗೆ ಮಾತನಾಡಬೇಕೆಂದು ಕಲಿಸಿದರು. 1863ರಲ್ಲಿ ಈ ಸಭೆ ಮುಂಬಯಿಯ ಮೂಲಕ ಭಾರತಕ್ಕೆ ಬಂತು. ಓಝಾನಮ್‌ರನ್ನು 1997ರಲ್ಲಿ, ಸಿಸ್ಟರ್ ರೋಸಲಿಯವರನ್ನು 2003ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲ್‌ರು ಧನ್ಯರೆಂದು ಘೋಷಿಸಿದರು.

ಈ ಸಭೆಯ ಕ್ರಮ ಸರಳವಾದುದು. ಸದಸ್ಯರು ಒಟ್ಟಾಗಿ ಸೇರಿ ಪ್ರಾರ್ಥಿಸುತ್ತಾರೆ. ಯಾರು ಎಷ್ಟು ಹಾಕಿದರೆಂದು ಕಾಣದಂತೆ ಚೀಲದಲ್ಲಿ ಕಾಣಿಕೆ ಕೂಡಿಸುತ್ತಾರೆ. ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುತ್ತಾರೆ. ಸಂಬಳವಿಲ್ಲ. ಜಾತಿ, ಮತ ಕೇಳುವುದಿಲ್ಲ. ಯಾರ ಮನೆಗೆ ಹೋದರು, ಏನು ಕೊಟ್ಟರು ಎಂಬುದನ್ನು ಊರಲ್ಲಿ ಆಡುವುದಿಲ್ಲ. ಹೊರದೇಶದ ನೆರವಿಗೂ ಇದೇ ಕ್ರಮ. ಒಂದು ದೇಶದ ಘಟಕ ಇನ್ನೊಂದು ದೇಶದ ಘಟಕದೊಂದಿಗೆ ಜೋಡಿಯಾಗುತ್ತದೆ. ಆಸ್ಟ್ರೇಲಿಯ, ಐರ್ಲೆಂಡ್, ಅಮೆರಿಕದಂತಹ ದೇಶಗಳ ಘಟಕಗಳು ಭಾರತದ ಘಟಕಗಳೊಂದಿಗೆ ಹೀಗೆ ಬೀಗರಂತೆ ನಡೆದುಕೊಂಡು ಬಂದಿವೆ. ಪತ್ರ ಬರೆಯುವುದು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದು, ಕೈಲಾದಷ್ಟು ಹಣ ಕೂಡಿಸುವುದು – ಈ ಮೂರೂ ಸೇರಿದರೆ ಮಾತ್ರ ಅದು ಜೋಡಿ. ಆ ಹಣ ಒಬ್ಬ ವಿದ್ಯಾರ್ಥಿಯ ಫೀಜು, ಒಬ್ಬ ವಿಧವೆಯ ಹೊಲಿಗೆ ಯಂತ್ರ, ಒಂದು ಮನೆಯ ಚಾವಣಿ ಆಗುತ್ತದೆ. ಹಣ ಎಲ್ಲಿಂದಲೋ ಬರಬಹುದು, ಆದರೆ ಬಾಗಿಲು ತಟ್ಟುವವರು ಅದೇ ಊರಿನವರೇ ಆಗಿರುತ್ತಾರೆ. ಯಾವ ಗೋಡೆ ಸೋರುತ್ತದೆ, ಯಾವ ಮಗು ಶಾಲೆ ಬಿಟ್ಟಿದೆ ಎಂಬುದು ದೂರದವರಿಗೆ ಕಾಣುವುದಿಲ್ಲ, ನೆರೆಯವರಿಗೆ ಕಾಣುತ್ತದೆ.

ಹೊರದೇಶದ ಹಣವೆಂದರೆ ಲೆಕ್ಕ ಚೊಕ್ಕವಾಗಿರಬೇಕು. ಸಂತ ಪೌಲರೂ ಕಾಣಿಕೆಯನ್ನು ತಾವೊಬ್ಬರೇ ಒಯ್ಯಲಿಲ್ಲ; ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡರು. ನಮ್ಮ ದೇಶದ ವಿದೇಶಿ ವಂತಿಗೆ ಕಾನೂನಿಗೆ 2020ರಲ್ಲಿ ತಿದ್ದುಪಡಿಯಾಗಿದೆ. ಅದರಂತೆ ನೋಂದಣಿ ಪಡೆದ ಸಂಸ್ಥೆಯು ಇಂತಹ ಹಣವನ್ನು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಯಲ್ಲಿಯೇ ಮೊದಲು ಪಡೆಯಬೇಕು; ಅದನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ; ಆಡಳಿತದ ಖರ್ಚು ನೂರಕ್ಕೆ 20 ಮೀರುವಂತಿಲ್ಲ. ಆದ್ದರಿಂದ ಹಳೆಯ ಕಾಲದಂತೆ ಹೊರಗಿನಿಂದ ಬಂದೀತೆಂದು ಕಾಯುವ ಅಭ್ಯಾಸವನ್ನು ಧರ್ಮಕೇಂದ್ರಗಳು ಬಿಡಬೇಕಾಗಿದೆ. ಇದನ್ನು ಕೊರತೆಯೆಂದು ಮಾತ್ರ ನೋಡದಿರೋಣ. ಪಡೆಯುವ ಸಭೆಯು ಕೊಡುವ ಸಭೆಯಾಗಿ ಬೆಳೆಯಬೇಕಾದ ಕಾಲ ಬಂದಿದೆ.

ನಾವು ಏನು ಮಾಡಬಹುದು? ಮೊದಲು ನೆರೆಮನೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿಯ ನೆರವು ಘೋಷಿಸಿತು. ಅದು ಬುನಾದಿ, ಗೋಡೆ, ಚಾವಣಿ ಎಂದು ಹಂತಹಂತವಾಗಿ ಕೈಸೇರುವಂಥದ್ದು. ಇಂತಹ ನೆರವಿಗೆ ಉತಾರ, ಬ್ಯಾಂಕಿನ ಪುಸ್ತಕ ಸರಿಯಿರಬೇಕು. ಓದುಬರಹ ಬಾರದ ತಾಯಿಯೊಬ್ಬಳ ಜೊತೆ ಪಂಚಾಯತಿಗೂ ತಹಶೀಲ್ದಾರ ಕಚೇರಿಗೂ ನಾಲ್ಕು ಸಲ ಅಲೆಯುವುದು, ಬುನಾದಿಯ ದಿನ ಯುವಕರು ಮುಯ್ಯಾಳಾಗಿ ನಿಲ್ಲುವುದು – ಇವು ಹಣವಿಲ್ಲದವರೂ ಮಾಡಬಹುದಾದ ದಾನ. ಹಾಗೆಯೇ ಕಬ್ಬಿನ ಹಂಗಾಮಿನಲ್ಲಿ ಕಡಿಯುವ ಗ್ಯಾಂಗಿನವರು ನಮ್ಮ ಹೊಲಗಳಿಗೆ ಬಂದು ಗುಡಿಸಲು ಹಾಕುತ್ತಾರೆ. ಅವರ ಮಕ್ಕಳ ಶಾಲೆ ಊರಲ್ಲಿಯೇ ಉಳಿದುಬಿಡುತ್ತದೆ. ಆ ಮಕ್ಕಳಿಗೆ ಸಂಜೆ ಒಂದು ತಾಸು ಅಕ್ಷರ ಹೇಳಿಕೊಡಲು ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಸಾಕು.

ಆಮೇಲೆ ದೂರದ ಮನೆ. ಅದಕ್ಕೆ ನಾವು ಹೊಸ ದಾರಿ ಹುಡುಕಬೇಕಿಲ್ಲ. ಶುಭ ಶುಕ್ರವಾರ ಶಿಲುಬೆಯನ್ನು ಮುದ್ದಿಟ್ಟು ನಾವು ಹಾಕುವ ಕಾಣಿಕೆ ಪವಿತ್ರ ನಾಡಿಗೆ ಹೋಗುತ್ತದೆ. ಜಗದ್ಗುರು ಆರನೇ ಪೌಲ್‌ರು 1974ರಲ್ಲಿ ಈ ಕಾಣಿಕೆಯ ಅಗತ್ಯವನ್ನು ಲೋಕದ ಎಲ್ಲ ಸಭೆಗಳಿಗೂ ನೆನಪಿಸಿದರು. ಅದು ದೇವಾಲಯಗಳ ಕಲ್ಲಿಗೆ ಮಾತ್ರ ವೆಚ್ಚವಾಗುವುದಿಲ್ಲ. ಫ್ರಾನ್ಸಿಸ್ಕನ್ ಗುರುಗಳು ಅದರಿಂದ ಜೆರುಸಲೇಮ್, ಬೆತ್ಲೆಹೇಮುಗಳಲ್ಲಿ ಬಡ ಕುಟುಂಬಗಳಿಗೆ ವಾಸದ ಮನೆ ಒದಗಿಸುತ್ತಾರೆ, ಶಾಲೆ ನಡೆಸುತ್ತಾರೆ. ಆ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳ ಪಕ್ಕದಲ್ಲಿ ಮುಸ್ಲಿಂ ಮಕ್ಕಳೂ ಕೂಡುತ್ತಾರೆ. ಸಂತ ಪೌಲರು ಬಡವರಿಗಾಗಿ ಕಾಣಿಕೆ ಒಯ್ದ ಊರಿಗೇ ಕಾಗವಾಡದ ಕಡೆಯ ಹತ್ತು ರೂಪಾಯಿಯೂ ಹೋಗಿ ಸೇರುತ್ತದೆ.

ಪ್ರಿಯರೇ, ಯೇಸುಸ್ವಾಮಿ ತಾವು ಶ್ರೀಮಂತರಾಗಿದ್ದರೂ ನಮಗಾಗಿ ಬಡವರಾದರು. ಹುಟ್ಟುವಾಗ ಅವರಿಗೂ ಛತ್ರದಲ್ಲಿ ಸ್ಥಳವಿರಲಿಲ್ಲ. ಕೂಸಾಗಿದ್ದಾಗಲೇ ಪರದೇಶವಾದ ಈಜಿಪ್ಟಿನಲ್ಲಿ ಯಾರದೋ ನೆರಳಿನಲ್ಲಿ ಬದುಕಿದರು. ಆ ಕುಟುಂಬಕ್ಕೆ ಅಂದು ಬಾಗಿಲು ತೆರೆದವರ ಹೆಸರು ನಮಗೆ ಗೊತ್ತಿಲ್ಲ, ದೇವರಿಗೆ ಗೊತ್ತಿದೆ. ಈ ಹಬ್ಬದ ವಾರ ಪ್ರತಿ ಕುಟುಂಬವೂ ಎರಡು ಕೆಲಸ ಮಾಡಲಿ: ನಡೆದು ಹೋಗಬಹುದಾದ ಒಂದು ಬಡ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಲಿ, ನಡೆದು ಹೋಗಲಾಗದ ಒಂದು ಮನೆಗಾಗಿ ರಾತ್ರಿಯ ಜಪಸರದ ನಂತರ ಡಬ್ಬಿಯಲ್ಲಿ ಒಂದಿಷ್ಟು ತೆಗೆದಿಡಲಿ. ಬಡವರಲ್ಲಿ ಕ್ರಿಸ್ತರನ್ನು ಕಂಡ ಸಂತ ವಿನ್ಸೆಂಟರು ನಮಗಾಗಿ ಪ್ರಾರ್ಥಿಸಲಿ. ಆಮೆನ್.