ಟೆಸ್ಟ್ ಪಾಸಾಯಿತೋ, ನಡೆಯಲೇ ಇಲ್ಲವೋ? ಜಾವಾ ಪ್ರಾಜೆಕ್ಟಿನ ಎರಡನೇ ಸೋರ್ಸ್ ಫೋಲ್ಡರ್ ಬಗ್ಗೆ ತಿಳಿಯೋಣ

ಜಾವಾ ಪ್ರಾಜೆಕ್ಟನ್ನು ಬಿಲ್ಡ್ ಮಾಡಿದಾಗ ಪರದೆಯ ಮೇಲೆ ‘ಬಿಲ್ಡ್ ಸಕ್ಸೆಸ್’ ಎಂದು ಬಂದರೆ ನಾವು ನಿರಾಳರಾಗುತ್ತೇವೆ. ಬರೆದ ಟೆಸ್ಟ್‌ಗಳೆಲ್ಲ ಪಾಸಾದವು ಎಂದುಕೊಳ್ಳುತ್ತೇವೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಮಗುವನ್ನು ಯಾರೂ ‘ಗೈರು’ ಎಂದು ಗುರುತಿಸುವುದಿಲ್ಲ. ಬಿಲ್ಡ್ ಟೂಲ್‌ಗೆ ಗೊತ್ತಿಲ್ಲದ ಫೋಲ್ಡರಿನ ಟೆಸ್ಟ್‌ಗಳೂ ಹಾಗೆಯೇ. ಅವು ಫೇಲ್ ಆಗುವುದಿಲ್ಲ, ನಡೆಯುವುದೇ ಇಲ್ಲ.

ಎರಡನೇ ಸೋರ್ಸ್ ಫೋಲ್ಡರ್ ಎಂದರೇನು?

ಪ್ರೋಗ್ರಾಮಿನ ಒಂದು ಸಣ್ಣ ಭಾಗವನ್ನು ಬೇರ್ಪಡಿಸಿ ಪರೀಕ್ಷಿಸುವ ಕೋಡ್‌ಗೆ ಯೂನಿಟ್ ಟೆಸ್ಟ್ ಎನ್ನುತ್ತಾರೆ. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಆರಂಭಿಸಿದ ಜೆಯೂನಿಟ್ ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಸಾಧನ. ಮೇವನ್ ಮತ್ತು ಗ್ರೇಡಲ್ ಎಂಬ ಬಿಲ್ಡ್ ಟೂಲ್‌ಗಳ ರೂಢಿಯಂತೆ ಮುಖ್ಯ ಕೋಡ್ ‘ಎಸ್‌ಆರ್‌ಸಿ/ಮೇನ್/ಜಾವಾ’ದಲ್ಲಿ, ಟೆಸ್ಟ್‌ಗಳು ‘ಎಸ್‌ಆರ್‌ಸಿ/ಟೆಸ್ಟ್/ಜಾವಾ’ದಲ್ಲಿ ಇರುತ್ತವೆ. ಟೂಲ್ ತಾನೇ ಸೃಷ್ಟಿಸಿದ ಕೋಡ್ ಅಥವಾ ಹಳೆಯ ಕೋಡನ್ನು ಪ್ರತ್ಯೇಕವಾಗಿಡಲು ಕೆಲವರು ಇನ್ನೊಂದು ಸೋರ್ಸ್ ಫೋಲ್ಡರ್ ಸೇರಿಸುತ್ತಾರೆ. ಅದರ ಟೆಸ್ಟ್‌ಗಳನ್ನು ಎಲ್ಲಿಡಬೇಕು ಎಂಬ ಗೊಂದಲ ಅಲ್ಲಿಂದ ಶುರುವಾಗುತ್ತದೆ.

ನಂಬಿಕೆ 1: ಕೋಡ್ ಇರುವ ಫೋಲ್ಡರಿನಲ್ಲೇ ಟೆಸ್ಟ್ ಇರಬೇಕು

ಬೇಕಿಲ್ಲ. ಪಬ್ಲಿಕ್ ಅಥವಾ ಪ್ರೈವೇಟ್ ಎಂದು ಗುರುತಿಸದ ಮೆಥಡನ್ನು ಯಾರು ಕರೆಯಬಹುದು ಎಂಬುದನ್ನು ಜಾವಾ ಪ್ಯಾಕೇಜ್ ಹೆಸರು ನೋಡಿ ತೀರ್ಮಾನಿಸುತ್ತದೆ, ಸೋರ್ಸ್ ಫೋಲ್ಡರ್ ನೋಡಿ ಅಲ್ಲ. ಮುಖ್ಯ ಕೋಡ್ ‘ಲೆಕ್ಕ.ಬಡ್ಡಿ’ ಎಂಬ ಪ್ಯಾಕೇಜಿನಲ್ಲಿದ್ದರೆ, ಬೇರೆ ಫೋಲ್ಡರಿನಲ್ಲಿ ಅದೇ ಪ್ಯಾಕೇಜ್ ಹೆಸರಿನಡಿ ಇರುವ ಟೆಸ್ಟ್ ಅದನ್ನು ಸಲೀಸಾಗಿ ಕರೆಯಬಲ್ಲದು. ಹಾಗಾಗಿ ಫೋಲ್ಡರ್ ಬೇರೆಯಿರಲಿ, ಪ್ಯಾಕೇಜ್ ಒಂದೇ ಇರಲಿ.

ನಂಬಿಕೆ 2: ಫೋಲ್ಡರ್ ಮಾಡಿದರೆ ಸಾಕು, ಟೆಸ್ಟ್ ತಾನಾಗಿ ನಡೆಯುತ್ತದೆ

ಇಲ್ಲ. ಮೇವನ್ ಮೂರನೇ ಆವೃತ್ತಿಯಲ್ಲಿ ಹೆಚ್ಚುವರಿ ಟೆಸ್ಟ್ ಫೋಲ್ಡರನ್ನು ‘ಬಿಲ್ಡ್ ಹೆಲ್ಪರ್’ ಪ್ಲಗಿನ್‌ನ ‘ಆ್ಯಡ್-ಟೆಸ್ಟ್-ಸೋರ್ಸ್’ ಮೂಲಕ ನೋಂದಾಯಿಸುವುದು ವಾಡಿಕೆ. ಮರೆತು ‘ಆ್ಯಡ್-ಸೋರ್ಸ್’ ಬಳಸಿದರೆ ಟೆಸ್ಟ್‌ಗಳು ಮುಖ್ಯ ಕೋಡಿನ ಜೊತೆ ಸೇರುತ್ತವೆ. ಆಗ ಸಾಮಾನ್ಯವಾಗಿ ಜೆಯೂನಿಟ್ ಸಿಗಲಿಲ್ಲ ಎಂಬ ದೋಷ ಬರುತ್ತದೆ. ಅದನ್ನು ಸರಿಪಡಿಸಲು ಜೆಯೂನಿಟ್‌ನ ವ್ಯಾಪ್ತಿಯನ್ನು ‘ಟೆಸ್ಟ್’ನಿಂದ ‘ಕಂಪೈಲ್’ಗೆ ಬದಲಿಸಿದರೆ ದೋಷವೇನೋ ಮಾಯವಾಗುತ್ತದೆ, ಆದರೆ ಟೆಸ್ಟ್ ಕೋಡ್ ಬಳಕೆದಾರರಿಗೆ ಕೊಡುವ ಜಾರ್ ಫೈಲಿಗೂ ಸೇರಿಬಿಡುತ್ತದೆ.

ಗ್ರೇಡಲ್‌ನಲ್ಲಿ ಹೊಸ ‘ಸೋರ್ಸ್ ಸೆಟ್’ ಘೋಷಿಸಿದರೆ ಕಂಪೈಲ್ ಮಾಡುವ ಕೆಲಸ ಮಾತ್ರ ಸಿದ್ಧವಾಗುತ್ತದೆ. ಟೆಸ್ಟ್ ನಡೆಸುವ ಟಾಸ್ಕನ್ನು ನಾವೇ ಬರೆದು ‘ಚೆಕ್’ಗೆ ಜೋಡಿಸಬೇಕು.

ನಂಬಿಕೆ 3: ಎಡಿಟರಿನಲ್ಲಿ ನಡೆದ ಟೆಸ್ಟ್ ಬಿಲ್ಡ್‌ನಲ್ಲೂ ನಡೆಯುತ್ತದೆ

ಹಾಗೇನಿಲ್ಲ. ಮೇವನ್‌ನಲ್ಲಿ ಟೆಸ್ಟ್ ನಡೆಸುವ ಶ್ಯೂರ್‌ಫೈರ್ ಪ್ಲಗಿನ್ ಕ್ಲಾಸಿನ ಹೆಸರನ್ನೂ ನೋಡುತ್ತದೆ. ಹೆಸರು ‘ಟೆಸ್ಟ್’ ಎಂದು ಶುರುವಾಗಬೇಕು, ಇಲ್ಲವೇ ‘ಟೆಸ್ಟ್’, ‘ಟೆಸ್ಟ್ಸ್’ ಅಥವಾ ‘ಟೆಸ್ಟ್‌ಕೇಸ್’ ಎಂದು ಮುಗಿಯಬೇಕು. ‘ಬಡ್ಡಿಚೆಕ್’ ಎಂದು ಹೆಸರಿಟ್ಟ ಟೆಸ್ಟನ್ನು ಎಡಿಟರಿನಲ್ಲಿ ನಾವೇ ಓಡಿಸಬಹುದು, ಆದರೆ ಬಿಲ್ಡ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹೀಗೆ ಬಿಟ್ಟುಹೋದ ಟೆಸ್ಟ್ ಹಿಡಿಯಬೇಕಿದ್ದ ಲೆಕ್ಕದ ತಪ್ಪು ನೇರವಾಗಿ ಗ್ರಾಹಕರ ಖಾತೆಗೆ ತಲುಪಬಹುದು.

ಹಾಗಾದರೆ ನಾವೇನು ಮಾಡಬೇಕು?

• ಪ್ರತಿ ಸೋರ್ಸ್ ಫೋಲ್ಡರಿಗೂ ಜೋಡಿ ಟೆಸ್ಟ್ ಫೋಲ್ಡರ್ ಇರಲಿ. ‘ಎಸ್‌ಆರ್‌ಸಿ/ಲೆಗಸಿ/ಜಾವಾ’ ಇದ್ದರೆ ‘ಎಸ್‌ಆರ್‌ಸಿ/ಲೆಗಸಿಟೆಸ್ಟ್/ಜಾವಾ’ ಇಡಬಹುದು. ಟೆಸ್ಟ್‌ಗಳು ಕಡಿಮೆಯಿದ್ದರೆ ಮೇವನ್‌ನಲ್ಲಿ ಹೊಸ ಫೋಲ್ಡರೇ ಬೇಕಿಲ್ಲ, ರೂಢಿಯ ಟೆಸ್ಟ್ ಫೋಲ್ಡರಿನಲ್ಲೇ ಅದೇ ಪ್ಯಾಕೇಜಿನಡಿ ಬರೆದರೆ ಸಾಕು.

• ಫಲಿತಾಂಶದಲ್ಲಿ ‘ಪಾಸ್’ ಎಂಬುದರ ಜೊತೆಗೆ ಎಷ್ಟು ಟೆಸ್ಟ್ ನಡೆದವು ಎಂಬ ಸಂಖ್ಯೆಯನ್ನೂ ನೋಡಿ. ಹೊಸ ಟೆಸ್ಟ್ ಬರೆದ ಮೇಲೆ ಅದು ಹೆಚ್ಚಬೇಕು.

• ಶ್ಯೂರ್‌ಫೈರ್‌ನಲ್ಲಿ ‘ಫೇಲ್-ಇಫ್-ನೋ-ಟೆಸ್ಟ್ಸ್’ ಆಯ್ಕೆಯನ್ನು ಆನ್ ಮಾಡಿದರೆ ಒಂದೂ ಟೆಸ್ಟ್ ನಡೆಯದಿದ್ದಾಗ ಬಿಲ್ಡ್ ನಿಲ್ಲುತ್ತದೆ. ಒಂದು ಫೋಲ್ಡರಿನ ಟೆಸ್ಟ್‌ಗಳಷ್ಟೇ ಬಿಟ್ಟುಹೋದರೆ ಇದು ಹಿಡಿಯುವುದಿಲ್ಲ ಎಂಬುದು ನೆನಪಿರಲಿ.

• ಹೊಸ ಫೋಲ್ಡರ್ ಸೇರಿಸಿದ ದಿನವೇ ಅದರಲ್ಲಿ ಖಂಡಿತ ಫೇಲ್ ಆಗುವ ಒಂದು ಟೆಸ್ಟ್ ಬರೆದು ಬಿಲ್ಡ್ ಮಾಡಿ. ಬಿಲ್ಡ್ ಕೆಂಪಾದರೆ ವ್ಯವಸ್ಥೆ ಸರಿಯಿದೆ, ಆ ಟೆಸ್ಟನ್ನು ಅಳಿಸಬಹುದು. ಹಸಿರಾಗಿಯೇ ಉಳಿದರೆ ಆ ಫೋಲ್ಡರ್ ಇನ್ನೂ ಹಾಜರಿ ಪುಸ್ತಕಕ್ಕೆ ಸೇರಿಲ್ಲ ಎಂದೇ ಅರ್ಥ.